ಕಂಪ್ಯೂಟರ್ ಆನ್ ಆಗಿ ಆಫ್ ಆಗುತ್ತಾ? ಮೊದಲು ಸೆಕೆಂಡ್ ಎಣಿಸಿ

ಪ್ರಶ್ನೆ: ಸರ್, ನಮ್ಮದು ಮೂಡಿಗೆರೆ ಹತ್ತಿರ ಒಂದು ಹಳ್ಳಿ. ತೋಟದ ಲೆಕ್ಕವೆಲ್ಲ ಇರುವುದು ಏಳು ವರ್ಷದ ಹಳೇ ಡೆಸ್ಕ್‌ಟಾಪ್‌ನಲ್ಲಿ. ಈ ಮಳೆಗಾಲ ಶುರುವಾದಾಗಿನಿಂದ ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಲೈಟೂ ಬರುತ್ತದೆ, ನಾಲ್ಕೈದು ಸೆಕೆಂಡಿಗೆ ಆಫ್. ಅಪರೂಪಕ್ಕೆ ಆನ್ ಆಗಿ ನಿಂತರೆ ಸಂಜೆವರೆಗೂ ಏನೂ ತೊಂದರೆ ಇಲ್ಲ. ಅಂಗಡಿಯವರು ಮದರ್‌ಬೋರ್ಡ್ ಹೋಗಿದೆ, ಬದಲಾಯಿಸಿ ಅಂದರು. ಬದಲಾಯಿಸಲಾ?

ಉತ್ತರ: ಬೇಡ, ಸ್ವಲ್ಪ ತಡೆಯಿರಿ. ನಾಲ್ಕೈದು ಸೆಕೆಂಡು ಅಂದಿರಿ, ಒಮ್ಮೆ ಆನ್ ಆಗಿ ನಿಂತರೆ ಸಂಜೆವರೆಗೂ ಓಡುತ್ತದೆ ಅಂತಲೂ ಅಂದಿರಿ. ಇವೆರಡನ್ನೂ ಜೊತೆಗಿಟ್ಟು ನೋಡಿದರೆ ನನಗೆ ಮೊದಲ ಅನುಮಾನ ಬರುವುದು ಬೋರ್ಡಿನ ಮೇಲಲ್ಲ, ಪವರ್ ಬಟನ್ ಮೇಲೆ.

ಕಂಪ್ಯೂಟರ್ ಹ್ಯಾಂಗ್ ಆದಾಗ ಬಟನ್ ಒತ್ತಿ ಹಿಡಿದು ಆಫ್ ಮಾಡುತ್ತೇವಲ್ಲ, ಅದಕ್ಕೆ ಬೇಕಾಗುವುದು ಸುಮಾರು 4 ಸೆಕೆಂಡು. ನೀವು ಬೆರಳು ತೆಗೆದ ಮೇಲೂ ಬಟನ್ ಒಳಗೇ ಸಿಕ್ಕಿಕೊಂಡಿದ್ದರೆ ಬೋರ್ಡಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಯಾರೋ ಆಫ್ ಮಾಡಲು ಹಿಡಿದಿದ್ದಾರೆ ಅಂತ ತಿಳಿದು ಆಫ್ ಮಾಡಿಬಿಡುತ್ತದೆ. ನಿಮ್ಮ ಕಡೆ ಜುಲೈನಲ್ಲಿ ಹೊದ್ದ ಕಂಬಳಿಯೂ ಥಂಡಿ ಹಿಡಿಯುತ್ತದೆ. ಏಳು ವರ್ಷದ ಧೂಳು ತೇವ ಕುಡಿದು ಬಟನ್ ಸುತ್ತ ಅಂಟಾದರೆ ಆಶ್ಚರ್ಯವಿಲ್ಲ.

ಪರೀಕ್ಷೆಗೆ ಖರ್ಚೇ ಇಲ್ಲ. ಗೋಡೆಯ ಪ್ಲಗ್ ಕಿತ್ತು ಕ್ಯಾಬಿನೆಟ್‌ನ ಪಕ್ಕದ ಮುಚ್ಚಳ ತೆಗೆಯಿರಿ. ಮುಂದಿನ ಬಟನ್‌ಗಳಿಂದ ಬೋರ್ಡಿನ ಮೂಲೆಗೆ ಸಣ್ಣ ವೈರುಗಳು ಬಂದಿರುತ್ತವೆ. ಮೊದಲು ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಪವರ್ ಸ್ವಿಚ್ಚಿನ ಪುಟ್ಟ ಪ್ಲಗ್ ಕಿತ್ತು, ಅದೇ ಎರಡು ಪಿನ್‌ಗಳಿಗೆ ರೀಸೆಟ್ ಬಟನ್ನಿನ ಪ್ಲಗ್ ಹಾಕಿ. ಈಗ ರೀಸೆಟ್ ಬಟನ್ನೇ ನಿಮ್ಮ ಪವರ್ ಬಟನ್. ಒಂದು ಸಲ ಆನ್ ಆಯ್ತು ಅಂತ ಸುಮ್ಮನಾಗಬೇಡಿ, ಐದಾರು ಸಲ ಆನ್ ಆಫ್ ಮಾಡಿ ನೋಡಿ. ಪ್ರತಿ ಸಲವೂ ಆಫ್ ಆಗದೆ ಓಡಿದರೆ ತೊಂದರೆ ಹಳೇ ಬಟನ್ನಿನದೇ. ಹಾಗೇ ಬಿಟ್ಟು ಕೆಲಸ ಮಾಡಿಕೊಳ್ಳಿ, ಏನೂ ಆಗುವುದಿಲ್ಲ.

ಆಗಲೂ ಆಫ್ ಆದರೆ? ಗೋಡೆಯ ಪ್ಲಗ್ ಕಿತ್ತೇ ರ್‍ಯಾಮ್ (ಮೆಮೊರಿ ಪಟ್ಟಿ) ಹೊರತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸಿ. ಪ್ರೊಸೆಸರ್ ಹತ್ತಿರದ 4 ಅಥವಾ 8 ಪಿನ್ನಿನ ಕನೆಕ್ಟರ್ ಸಡಿಲವಾಗಿದೆಯಾ ನೋಡಿ. ಆಮೇಲೆ ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿ. ಪರಿಚಯದವರ ಹತ್ತಿರ ಚೆನ್ನಾಗಿರುವ ಒಂದನ್ನು ತಂದು ಹಾಕಿ ನೋಡುವುದೇ ಖಚಿತವಾದ ದಾರಿ. ಮಲ್ಟಿಮೀಟರ್ ಇದ್ದರೆ ಕಂಪ್ಯೂಟರ್ ಓಡುತ್ತಿರುವಾಗ ಹಳದಿ ಮತ್ತು ಕಪ್ಪು ವೈರಿನ ನಡುವೆ 11.4ರಿಂದ 12.6 ವೋಲ್ಟ್ ಒಳಗೆ ಬರಬೇಕು. ಆದರೆ ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ದಯವಿಟ್ಟು ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗಿಂತ ಜಾಸ್ತಿ ಉಳಿದಿರಬಹುದು, ಜೀವಕ್ಕೇ ಅಪಾಯ.

ಇದೇ ತೊಂದರೆ ಇರುವ ಬೇರೆಯವರಿಗೂ ಒಂದು ಮಾತು. ಹತ್ತಿಪ್ಪತ್ತು ನಿಮಿಷ ಓಡಿ ಆಫ್ ಆದರೆ ಅದು ಹೆಚ್ಚಾಗಿ ಬಿಸಿಯ ತೊಂದರೆ, ಪ್ರೊಸೆಸರ್ ಫ್ಯಾನಿನ ಧೂಳು ತೆಗೆದು ಹೊಸ ಥರ್ಮಲ್ ಪೇಸ್ಟ್ ಹಚ್ಚಿ. ಪಂಪ್‌ಸೆಟ್ ಅಥವಾ ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಶುರುವಾದಾಗಲೇ ಆಫ್ ಆಗುತ್ತದೆ ಅಂದರೆ ವೋಲ್ಟೇಜ್ ಬೀಳುತ್ತಿದೆ, ಯುಪಿಎಸ್ ಇದ್ದರೆ ಅದರ ಬ್ಯಾಟರಿಯೂ ಸೊರಗಿದೆ ಅಂತ ಅರ್ಥ.

ಇಷ್ಟು ಮಾಡಿಯೂ ಆಗದಿದ್ದರೆ ಅಂಗಡಿಗೆ ಒಯ್ಯಿರಿ, ಆದರೆ ನಿಮ್ಮ ಎದುರಿಗೇ ಬೇರೆ ಎಸ್‌ಎಂಪಿಎಸ್ ಹಾಕಿ ತೋರಿಸಲು ಹೇಳಿ, ಬೋರ್ಡಿನ ಮಾತು ಆಮೇಲೆ. ಅದಕ್ಕೂ ಮೊದಲು, ಇನ್ನೊಂದು ಸಲ ಆನ್ ಆಗಿ ನಿಂತ ಕೂಡಲೇ ತೋಟದ ಲೆಕ್ಕವನ್ನೆಲ್ಲ ಪೆನ್‌ಡ್ರೈವ್‌ಗೆ ಹಾಕಿಕೊಂಡುಬಿಡಿ.