ಸೈಡ್‌ಕಾರ್ ಬೈಕಿನ ಹಿಂದೆ ಟ್ರೇಲರ್

ಪ್ರಶ್ನೆ: ನನ್ನ ಹಳೆಯ ಬಿಎಸ್‌ಎ ಎಂ21 ಬೈಕಿಗೆ ಎಡಗಡೆ ಸೈಡ್‌ಕಾರ್ ಇದೆ. ಟೆಂಟು, ಸಾಮಾನು ಒಯ್ಯಲು ಹಿಂದೆ ಪುಟ್ಟ ಟ್ರೇಲರ್ ಕಟ್ಟಬಹುದೇ? ಕೊಂಡಿ ಎಲ್ಲಿ ಕೂರಿಸಲಿ?

ಉತ್ತರ: ಎಳೆಯುವ ಶಕ್ತಿಯ ಚಿಂತೆ ಬಿಡಿ. ಅದರ 591 ಸಿಸಿ ಸೈಡ್‌ವಾಲ್ವ್ (ವಾಲ್ವ್‌ಗಳು ಸಿಲಿಂಡರಿನ ಪಕ್ಕದಲ್ಲಿರುವ) ಎಂಜಿನ್ ಕಡಿಮೆ ವೇಗದಲ್ಲೇ ಗಟ್ಟಿಯಾಗಿ ಎಳೆಯುತ್ತದೆ. ಬ್ರಿಟನ್ನಿನ ವಾಹನ ಸವಾರರ ಸಂಘವಾದ ಆಟೊಮೊಬೈಲ್ ಅಸೋಸಿಯೇಷನ್ ರಸ್ತೆ ಗಸ್ತಿಗೆ ಇದೇ ಬೈಕನ್ನು ಸೈಡ್‌ಕಾರ್ ಸಮೇತ ದುಡಿಸಿತ್ತು. ನನಗೆ ಭಯ ಇರುವುದು ಬ್ರೇಕಿನ ಬಗ್ಗೆ. ಆ ಕಾಲದ ಡ್ರಮ್ ಬ್ರೇಕಿಗೆ ಸೈಡ್‌ಕಾರೇ ಜಾಸ್ತಿ ಭಾರ. ಬ್ರೇಕಿಲ್ಲದ ಟ್ರೇಲರ್ ಹಿಂದಿನಿಂದ ನೂಕುತ್ತದೆ. ಇಳಿಜಾರಿನಲ್ಲಿ ಡ್ರಮ್ ಕಾದರೆ ಹಿಡಿತವೇ ತಪ್ಪುತ್ತದೆ. ಆದ್ದರಿಂದ ಭಾರ ಆದಷ್ಟು ಕಡಿಮೆ ಇರಲಿ. ಇಳಿಯುವ ಮೊದಲೇ ಗೇರ್ ಇಳಿಸಿ.

ಕೊಂಡಿಯನ್ನು ಸೈಡ್‌ಕಾರಿನ ಹಿಂದೆ ಮಾತ್ರ ಬೇಡ. ಎಳೆಯುವುದು ಬೈಕಿನ ಹಿಂದಿನ ಚಕ್ರ ಅಲ್ವಾ? ಟ್ರೇಲರಿನ ಜಗ್ಗು ಎಡಕ್ಕೆ ಬಿದ್ದರೆ ಹ್ಯಾಂಡಲ್ ಸದಾ ಎಡಕ್ಕೇ ಎಳೆಯುತ್ತದೆ, ತೋಳು ಸೋಲುತ್ತದೆ. ಚಕ್ರದ ನೇರಕ್ಕೆ, ಇಲ್ಲವೇ ಅದರ ಪಕ್ಕದಲ್ಲೇ, ಫ್ರೇಮಿಗೆ ಎರಡು ಕಡೆ ಬಿಗಿದ ಬ್ರಾಕೆಟ್ ಮೇಲೆ ಕೂರಿಸಿ. ಮಡ್‌ಗಾರ್ಡಿಗೋ ಕ್ಯಾರಿಯರಿಗೋ ಸುಮ್ನೆ ಬೋಲ್ಟ್ ಹಾಕಬೇಡಿ, ಬಿರುಕು ಬಿಡುತ್ತದೆ. ಜೊತೆಗೆ ಸುರಕ್ಷತೆಗೊಂದು ಸರಪಳಿಯೂ ಬೇಕೇ ಬೇಕು.

ಸಾಮಾನಿನ ಭಾರ ಟ್ರೇಲರಿನ ಅಚ್ಚಿಗಿಂತ ತುಸು ಮುಂದಿರಲಿ. ಟ್ರೇಲರಿನ ಒಟ್ಟು ತೂಕದ ಸುಮಾರು 10% ಕೊಂಡಿಯ ಮೇಲೆ ಬಿದ್ದರೆ ಸಾಕು. ಹಿಂದೆ ಭಾರವಾದರೆ ಟ್ರೇಲರ್ ಬಾಲ ಅಲ್ಲಾಡಿಸುತ್ತದೆ. ಹಳೆಯ 6 ವೋಲ್ಟ್ ಡೈನಮೊಗೆ ಹೊರೆಯಾಗದಂತೆ ಟ್ರೇಲರಿಗೆ 6 ವೋಲ್ಟಿನ ಎಲ್‌ಇಡಿ ದೀಪ ಹಾಕಿಸಿ.