ಲ್ಯಾಟಿನ್ನಿನ ‘ಕಪುತ್’ ಫ್ರೆಂಚಿನಲ್ಲಿ ‘ಶೆಫ್’ ಆದದ್ದು ಹೇಗೆ?

ತಲೆ ಎಂಬರ್ಥದ ಲ್ಯಾಟಿನ್ ಪದ ‘ಕಪುತ್’ ರೊಮೇನಿಯನ್ ಮತ್ತು ಕತಲಾನ್ ಭಾಷೆಗಳಲ್ಲಿ ‘ಕಪ್’ ಎಂದು ಮೊಟಕುಗೊಂಡರೂ ಇಂದಿಗೂ ತಲೆಯನ್ನೇ ಸೂಚಿಸುತ್ತದೆ. ಇಟಾಲಿಯನ್ನಿನ ‘ಕಾಪೊ’ ಹೆಚ್ಚಾಗಿ ಮುಖ್ಯಸ್ಥನಿಗೂ ಸ್ಪ್ಯಾನಿಷಿನ ‘ಕಾಬೊ’ ತುದಿಗೆ ಅಥವಾ ಭೂಶಿರಕ್ಕೂ ಸಲ್ಲುತ್ತದೆ. ಗುರುತು ಸಿಗದಷ್ಟು ಬದಲಾದದ್ದು ಮಾತ್ರ ಫ್ರೆಂಚಿನಲ್ಲಿ. ಅಲ್ಲಿ ಅಕಾರಕ್ಕೆ ಮೊದಲು ಬರುವ ಕಕಾರವು ಮೊದಲು ಚಕಾರವಾಗಿ, ಸುಮಾರು 13ನೆಯ ಶತಮಾನದಲ್ಲಿ ಶಕಾರವಾಯಿತು (ಹಾಡುವುದು ಎಂಬರ್ಥದ ‘ಕಂತಾರೆ’ ‘ಶಾಂತೇ’ ಆದದ್ದೂ ಹೀಗೆಯೇ); ನಡುವಿನ ಪಕಾರ ವಕಾರದ ಮೂಲಕ ಸಾಗಿ, ಪದದ ಬಾಲ ಉದುರಿದ ಮೇಲೆ ‘ಫ್’ ಆಗಿ ನಿಂತಿತು. ಇಂಗ್ಲಿಷ್ ಈ ಪದವನ್ನು ಎರಡು ಸಲ ಎರವಲು ಪಡೆಯಿತು: ಚಕಾರವಿದ್ದ ಕಾಲದಲ್ಲಿ ಬಂದದ್ದು ‘ಚೀಫ್’, 19ನೆಯ ಶತಮಾನದಲ್ಲಿ ಅಡುಗೆಮನೆಯ ಮುಖ್ಯಸ್ಥ ಎಂಬ ಅರ್ಥದಲ್ಲಿ ಬಂದದ್ದು ‘ಶೆಫ್’.

ಫ್ರೆಂಚಿನ ‘ಶೆಫ್’ಗೆ ಇಂದು ಮುಖ್ಯಸ್ಥ ಎಂಬರ್ಥ. ಹಾಗಾದರೆ ಫ್ರೆಂಚರು ತಲೆಗೆ ಏನೆನ್ನುತ್ತಾರೆ? ‘ತೆತ್’ ಎನ್ನುತ್ತಾರೆ, ಅದರ ಮೂಲ, ಮಣ್ಣಿನ ಮಡಕೆ ಎಂಬರ್ಥದ ಲ್ಯಾಟಿನ್ ‘ತೆಸ್ತ’. ನಾವು ತಲೆಯನ್ನು ಬುರುಡೆ ಎಂದಂತೆ ಆಡುಮಾತಿನ ತಮಾಷೆಯೊಂದು ಕ್ರಮೇಣ ಶಿಷ್ಟಪದವಾಯಿತು. ತಲೆ ಎಂಬರ್ಥದ ಜರ್ಮನ್ನಿನ ‘ಕೊಪ್ಫ್’ ಕೇಳಲು ಹತ್ತಿರವೆನಿಸಿದರೂ ಈ ಮನೆತನದ್ದಲ್ಲ; ‘ಕಪುತ್’ನ ನಿಜವಾದ ಜರ್ಮನ್ ದಾಯಾದಿ ‘ಹೌಪ್ಟ್’, ಅದೂ ಲ್ಯಾಟಿನ್ನಿನಿಂದ ಹುಟ್ಟಿದ್ದಲ್ಲ, ಇಬ್ಬರ ಸಮಾನ ಇಂಡೋ-ಯುರೋಪಿಯನ್ ಮೂಲದಿಂದ ಬಂದದ್ದು.