ಎರಡೂವರೆಯಿಂದ ಐದು ವರ್ಷದ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿದ್ದರೆ ಚಟುವಟಿಕೆ ಹೇಗೆ ಯೋಜಿಸುವುದು?

ನಿಮ್ಮ ಪ್ರಶ್ನೆ ಓದಿದೆ. 14 ಮಕ್ಕಳು, ಎರಡೂವರೆಯಿಂದ ಐದು ವರ್ಷದವರು, ಒಂದೇ ಕೋಣೆ. ದಿನಾ ಮೂರು ವಯಸ್ಸಿಗೆ ಮೂರು ಚಟುವಟಿಕೆ ಸಿದ್ಧ ಮಾಡಿ ಸುಸ್ತಾಗಿದ್ದೀರಿ, ಆದರೂ ಅರ್ಧ ಗಂಟೆಯೊಳಗೆ ಎಲ್ಲ ಕಲಸಿಹೋಗುತ್ತದೆ. ಮೇಲಿಂದ ಪೋಷಕರು "ಇವತ್ತು ಏನು ಕಲಿಸಿದಿರಿ, ಹಾಳೆ ತೋರಿಸಿ" ಅನ್ನುತ್ತಾರೆ. ಇಷ್ಟು ತಾನೇ?

ಮೂರು ಯೋಜನೆ ಮಾಡುವುದನ್ನು ಮೊದಲು ಬಿಡಿ. ಒಂದೇ ಸಾಮಾನು ಇಡಿ, ಅದರಲ್ಲಿ ಪ್ರತಿ ಮಗುವಿಗೂ ತನ್ನ ಮಟ್ಟಕ್ಕೆ ತಕ್ಕ ಕೆಲಸ ಸಿಗುವ ಹಾಗೆ ನೋಡಿಕೊಳ್ಳಿ.

ಮೊದಲ ವರ್ಷ ನಾನೂ ನಿಮ್ಮ ಹಾಗೇ ಮಾಡುತ್ತಿದ್ದೆ. ಚಿಕ್ಕವರಿಗೊಂದು ಮೇಜು, ನಡುವಿನವರಿಗೊಂದು, ದೊಡ್ಡವರಿಗೊಂದು. ಚಿಕ್ಕವರು ತಮ್ಮ ಮೇಜಿನ ಹತ್ತಿರ ಎರಡು ನಿಮಿಷವೂ ನಿಲ್ಲುತ್ತಿರಲಿಲ್ಲ, ದೊಡ್ಡವರು ಏನು ಮಾಡುತ್ತಿದ್ದಾರೆ ಅಂತ ನೋಡಲು ಓಡುತ್ತಿದ್ದರು, ನಾನು ಎತ್ತಿಕೊಂಡು ಬಂದು ಮತ್ತೆ ಕೂರಿಸುತ್ತಿದ್ದೆ. ಹಾಗೆ ನಿಂತು ನೋಡುವುದೂ ಆಟವೇ ಅಂತ ಆಮೇಲೆ ತಿಳಿಯಿತು. ಮಿಲ್ಡ್ರೆಡ್ ಪಾರ್ಟನ್ ಎಂಬ ಸಂಶೋಧಕಿ 1932ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಅವರು ಗುರುತಿಸಿದ ಆಟದ ಬಗೆಗಳು ಇವು: ಒಬ್ಬರೇ ಆಡುವುದು, ಬೇರೆಯವರ ಆಟ ನೋಡುವುದು, ಪಕ್ಕದಲ್ಲೇ ಕೂತು ತಮ್ಮ ಪಾಡಿಗೆ ಆಡುವುದು, ಸಾಮಾನು ಕೊಟ್ಟು ತೆಗೆದುಕೊಂಡು ಆಡುವುದು, ಕೊನೆಗೆ ಎಲ್ಲರೂ ಸೇರಿ ಒಂದೇ ಆಟ ಕಟ್ಟುವುದು. ಎರಡೂವರೆ ವರ್ಷದ ಮಗುವನ್ನು ಈ ಕೊನೆಯದಕ್ಕೆ ಎಳೆದು ತಂದರೆ ಅಳು ಗ್ಯಾರಂಟಿ. ಅದಕ್ಕೆ ಬೇಕಾಗಿರುವುದು ಪಕ್ಕದಲ್ಲಿ ಸ್ವಲ್ಪ ಜಾಗ, ಮತ್ತು ಪಕ್ಕದವರ ಕೈಯಲ್ಲಿರುವಂಥದ್ದೇ ಇನ್ನೊಂದು ಸಾಮಾನು. ಚಿಕ್ಕವರಿಗೆ ಹಂಚಿಕೊಳ್ಳುವ ಪಾಠಕ್ಕಿಂತ ಒಂದೇ ಥರದ ನಾಲ್ಕು ಸೌಟು ಹೆಚ್ಚು ಉಪಯೋಗ.

ಮರದ ದಿಮ್ಮಿಗಳನ್ನೇ ತೆಗೆದುಕೊಳ್ಳಿ, ಅಂದರೆ ಬ್ಲಾಕ್ಸ್. ನನಗೆ ಒಂದೇ ಸಾಮಾನು ಆರಿಸಿಕೋ ಅಂದರೆ ಇದನ್ನೇ ಆರಿಸುತ್ತೇನೆ. ಮಕ್ಕಳು ಇದರಲ್ಲಿ ಸರಿಸುಮಾರು ಒಂದೇ ಕ್ರಮದಲ್ಲಿ ಬೆಳೆಯುತ್ತಾರೆ, ಅಮೆರಿಕದ ಶಿಶುಶಿಕ್ಷಣ ತಜ್ಞೆ ಹ್ಯಾರಿಯೆಟ್ ಜಾನ್ಸನ್ 1933ರಲ್ಲಿ ಬರೆದ ಕ್ರಮ ಇವತ್ತಿಗೂ ಕಣ್ಣಮುಂದೆ ಕಾಣುತ್ತದೆ. ಮೊದಲು ಸುಮ್ನೆ ಹೊತ್ತು ತಿರುಗುವುದು. ಕಟ್ಟುವುದೇ ಇಲ್ಲ. ಬುಟ್ಟಿಗೆ ತುಂಬು, ಸುರಿ, ಮತ್ತೆ ತುಂಬು. ಈ ಮಗುವಿಗೆ "ಮನೆ ಕಟ್ಟು" ಅನ್ನಬೇಡಿ, ಹಿಡಿಕೆ ಇರುವ ಬುಟ್ಟಿ ಕೊಡಿ, ಸುರಿಯಲು ದೂರದಲ್ಲಿ ಒಂದು ಡಬ್ಬ ಇಡಿ. ಆಮೇಲೆ ಸಾಲು, ಗೋಪುರ. ಆಮೇಲೆ ಸೇತುವೆ: ಎರಡು ದಿಮ್ಮಿ ನಿಲ್ಲಿಸಿ ಮೇಲೊಂದು ಅಡ್ಡ ಇಡುವುದು. ನೋಡಲು ಸುಲಭ, ಆದರೆ ಎಷ್ಟು ದೂರ ನಿಲ್ಲಿಸಬೇಕು ಅಂತ ಮಗು ಅಂದಾಜು ಮಾಡಬೇಕು. ಹತ್ತು ಸಲ ಬೀಳುತ್ತದೆ. ನಾವು ಕೈ ಹಾಕಿ ಸರಿ ಮಾಡಿಬಿಡುತ್ತೇವೆ, ಅಲ್ವಾ? ಮಾಡಬೇಡಿ. ಪಕ್ಕದಲ್ಲಿ ಕೂತು ನಿಮ್ಮದೇ ಒಂದು ಸೇತುವೆ ನಿಧಾನವಾಗಿ ಕಟ್ಟಿ, ಮಾತಾಡಬೇಡಿ. ಸಾಲದಿದ್ದರೆ "ಇದನ್ನು ಸ್ವಲ್ಪ ಹತ್ತಿರ ತಂದರೆ?" ಅಂತ ಒಂದೇ ಮಾತು. ಒಬ್ಬನೇ ಮಾಡಲಾಗದ, ಆದರೆ ಸ್ವಲ್ಪ ಆಸರೆ ಸಿಕ್ಕರೆ ಮಾಡಬಲ್ಲ ಜಾಗ ಅಂತ ಮನಶ್ಶಾಸ್ತ್ರಜ್ಞ ವೈಗಾಟ್‌ಸ್ಕಿ ಹೇಳಿದ್ದು ಇದನ್ನೇ.

ನಾಲ್ಕರ ಆಸುಪಾಸಿನವರು ಸುತ್ತ ಬೇಲಿ ಕಟ್ಟುತ್ತಾರೆ, ಎರಡೂ ಕಡೆ ಒಂದೇ ಥರ ಜೋಡಿಸುತ್ತಾರೆ. ಅವರಿಗೆ ಪುಟ್ಟ ಪ್ರಾಣಿಗಳು, ಬಟ್ಟೆ ತುಂಡುಗಳು ಬೇಕು. ಐದರವರು ಕಟ್ಟುವ ಮೊದಲೇ ಹೆಸರು ಹೇಳುತ್ತಾರೆ, "ಇದು ರೈಲ್ವೆ ಸ್ಟೇಷನ್" ಅಂತ. ಅವರಿಗೆ ಕಾಗದ, ಪೆನ್ಸಿಲ್ ಪಕ್ಕದಲ್ಲಿರಲಿ. ನಕ್ಷೆ ಬರೆಯಲಿ, ಬೋರ್ಡ್ ಬರೆದು ಅಂಟಿಸಲಿ, ಅಕ್ಷರ ತಪ್ಪಿದ್ದರೂ ಪರವಾಗಿಲ್ಲ. ಒಂದೇ ಒಂದು ಎಚ್ಚರಿಕೆ: ಹೊತ್ತು ತಿರುಗುವವರ ದಾರಿ ಮತ್ತು ಕಟ್ಟುವವರ ಮೂಲೆ ಬೇರೆ ಬೇರೆ ಇರಲಿ. ನಮ್ಮಲ್ಲಿ ಮುಕ್ಕಾಲು ಜಗಳ ನಿಂತಿದ್ದು ನೆಲದ ಮೇಲೆ ಒಂದು ಟೇಪ್ ಅಂಟಿಸಿದ ಮೇಲೆ.

ಕತ್ತರಿಯೂ ಹಾಗೆಯೇ, ಒಂದೇ ಬುಟ್ಟಿಯಲ್ಲಿ ಎಲ್ಲರಿಗೂ ಕೆಲಸವಿದೆ. ಎರಡೂವರೆಯವರು ಕಾಗದ ಹರಿಯಲಿ. ಮೂರರವರಿಗೆ ಬೆರಳಗಲದ ಪಟ್ಟಿ ಕೊಡಿ, ಒಂದು ಸಲ ಕತ್ತರಿ ಮುಚ್ಚಿದರೆ ತುಂಡು ಬೀಳಬೇಕು, ಆ ಖುಷಿಗೇ ಇನ್ನೊಂದು ಕತ್ತರಿಸುತ್ತಾರೆ. ನಾಲ್ಕರವರಿಗೆ ದಪ್ಪ ಗೆರೆ. ಐದರವರಿಗೆ ವೃತ್ತ, ಯಾಕೆಂದರೆ ಅದಕ್ಕೆ ಇನ್ನೊಂದು ಕೈ ಕಾಗದವನ್ನು ತಿರುಗಿಸುತ್ತಿರಬೇಕು. ಬರವಣಿಗೆಗೂ ಅವಸರ ಬೇಡ. ನೋಡಿ ಬರೆಯುವುದರಲ್ಲಿ ವೃತ್ತ ಸುಮಾರು 3 ವರ್ಷಕ್ಕೆ, ಕೂಡಿಸುವ ಚಿಹ್ನೆ 4ಕ್ಕೆ, ಚೌಕ ನಾಲ್ಕೂವರೆಗೆ, ತ್ರಿಕೋನ 5ಕ್ಕೆ ಬರುತ್ತದೆ. ಓರೆ ಗೆರೆ ಇನ್ನೂ ಬಾರದ ಕೈಗೆ ಅಕ್ಷರ ತಿದ್ದಿಸಿದರೆ ಅದು ಕಲಿಯುವುದು ಪೆನ್ಸಿಲ್ ಕಂಡರೆ ಓಡುವುದನ್ನು.

ಇಷ್ಟು ಹೇಳಿದ ಮೇಲೂ, ವಯಸ್ಸು ಬರೀ ಅಂದಾಜು. ನನ್ನ ಹತ್ತಿರ ಒಂದು ಮಗುವಿತ್ತು, ಮಾತು ಐದು ವರ್ಷದವರ ಹಾಗೆ, ಕೈಕೆಲಸ ಮೂರರ ಹಾಗೆ. ಇನ್ನೊಂದು ಇಪ್ಪತ್ತರವರೆಗೆ ಪಟಪಟ ಹೇಳುತ್ತಿತ್ತು, ಆದರೆ ಐದು ಗುಂಡಿ ಎಣಿಸಿದ ಮೇಲೆ "ಒಟ್ಟು ಎಷ್ಟು?" ಅಂದರೆ ಮತ್ತೆ ಒಂದರಿಂದ ಶುರು. ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಅಂತ ಅದಕ್ಕೆ ಇನ್ನೂ ಹೊಳೆದಿರಲಿಲ್ಲ. ಅದಕ್ಕೆ ಮೂವತ್ತರವರೆಗೆ ಬಾಯಿಪಾಠ ಬೇಡ, ನಾಲ್ಕು ಗೊಂಬೆಗೆ ನಾಲ್ಕು ಲೋಟ ತಂದಿಡುವ ಕೆಲಸ ಬೇಕು. ಹಾಗಾಗಿ ನಾನು ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. ದಿನಕ್ಕೆ ಮೂರೇ ಮಕ್ಕಳನ್ನು ಗಮನವಿಟ್ಟು ನೋಡಿ ಎರಡೆರಡು ಸಾಲು ಬರೆಯುತ್ತೇನೆ. ಐದು ದಿನಕ್ಕೆ ನಿಮ್ಮ 14 ಮಕ್ಕಳೂ ಮುಗಿಯುತ್ತಾರೆ. ಮುಂದಿನ ವಾರದ ಯೋಜನೆ ಆ ಸಾಲುಗಳಿಂದಲೇ ಹುಟ್ಟುತ್ತದೆ. ಮೊದಲು ಬಂದಿದ್ದ ಮಾತೋ ಕೈಕೆಲಸವೋ ಯಾವುದಾದರೂ ಮಗುವಿಗೆ ಮರೆತುಹೋಗುತ್ತಿದೆ ಅನ್ನಿಸಿದರೆ ಮಾತ್ರ ಕಾಯಬೇಡಿ, ಪೋಷಕರಿಗೆ ಹೇಳಿ ಡಾಕ್ಟರ್‌ಗೆ ತೋರಿಸಲು ಹೇಳಿ.

ಎಲ್ಲರನ್ನೂ ಸುತ್ತ ಕೂರಿಸುವ ಹೊತ್ತು ಚಿಕ್ಕದಿರಲಿ. ಎದ್ದು ಹೋಗುವ ಚಿಕ್ಕವರನ್ನು ಹೋಗಲು ಬಿಡಿ.

ವಯಸ್ಸು ಬೆರೆತ ಕೋಣೆಯಲ್ಲಿ ಪಟ್ಟು ಹಿಡಿಯಬೇಕಾದ್ದು ಸುರಕ್ಷತೆಗೆ. ದೊಡ್ಡವರಿಗೆ ಅಂತ ಇಟ್ಟಿದ್ದ ಮಣಿಯೊಂದನ್ನು ಒಂದು ಚಿಕ್ಕ ಮಗು ಬಾಯಿಗೆ ಹಾಕಿಕೊಂಡಿತ್ತು. ಸದ್ಯ, ಕೆನ್ನೆಯಲ್ಲೇ ಇತ್ತು, ತೆಗೆದೆ. ಇವತ್ತಿಗೂ ನೆನೆದರೆ ಎದೆ ಝಲ್ಲೆನ್ನುತ್ತದೆ. 3 ವರ್ಷದೊಳಗಿನವರ ಆಟಿಕೆ ಪರೀಕ್ಷಿಸಲು ಬಳಸುವ ಕೊಳವೆಯ ಅಗಲ ಸುಮಾರು 32 ಮಿಲಿಮೀಟರ್, ಅದರೊಳಗೆ ಪೂರ್ತಿ ಇಳಿಯುವ ಯಾವುದನ್ನೂ ಅವರ ಕೈಗೆ ಕೊಡಬಾರದು. ಅಂಥವು ಎತ್ತರದ ಮೇಜಿನ ಮೇಲೆ, ನೀವು ಅಲ್ಲೇ ಇದ್ದಾಗ ಮಾತ್ರ. ಅಯಸ್ಕಾಂತದ ಗುಂಡುಗಳು, ಗುಂಡಿಯಂಥ ಬ್ಯಾಟರಿಗಳು ಕೋಣೆಯಲ್ಲೇ ಬೇಡ. ನೀರಿನ ಟಬ್ ಇಟ್ಟರೆ ಕೂಗಳತೆಯಲ್ಲಿ ಇದ್ದರೆ ಸಾಲದು, ಕೈಗೆಟುಕುವಷ್ಟು ಹತ್ತಿರ ಇರಬೇಕು, ಆಟ ಮುಗಿದ ಕೂಡಲೇ ನೀರು ಚೆಲ್ಲಬೇಕು.

ಇನ್ನು ಹಾಳೆ ಕೇಳುವ ಪೋಷಕರು. ಅವರಿಗೆ ಬೇಕಿರುವುದು ತಮ್ಮ ಮಗುವನ್ನು ಯಾರೋ ನೋಡಿದ್ದಾರೆ ಅನ್ನುವ ಧೈರ್ಯ ಅಂತ ನನಗನ್ನಿಸುತ್ತದೆ. ನಾನು ಆ ನೋಟ್‌ಬುಕ್ಕಿನ ಎರಡು ಸಾಲು ಓದಿ ಹೇಳುತ್ತೇನೆ: "ಸೇತುವೆ ಏಳು ಸಲ ಬಿತ್ತು, ಎಂಟನೇ ಸಲ ತಾನೇ ದಿಮ್ಮಿ ಹತ್ತಿರ ತಂದಿಟ್ಟು ನಿಲ್ಲಿಸಿದಳು. ಆಮೇಲೆ ಪಕ್ಕದ ಚಿಕ್ಕವನಿಗೂ ತೋರಿಸಿದಳು." ಇದನ್ನು ಕೇಳಿದ ಒಬ್ಬ ತಾಯಿ ಮಾರನೇ ದಿನ ಬಾಗಿಲಲ್ಲಿ ನಿಂತು ಹಾಳೆಯ ಬಗ್ಗೆ ಕೇಳಲಿಲ್ಲ, "ಇವತ್ತು ಏನು ಕಟ್ಟುತ್ತೀಯ?" ಅಂತ ಮಗಳನ್ನೇ ಕೇಳಿದರು.